ಎಟಿವಿ, ಸೈಡ್-ಬೈ-ಸೈಡ್ ಸಾಗಿಸಲು ಟ್ರಕ್ ಮತ್ತು ಟ್ರೇಲರ್ ಆರಿಸುವುದು ಹೇಗೆ?

ಎಟಿವಿ ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ. ಸೈಡ್-ಬೈ-ಸೈಡ್ ಅದರ ದೊಡ್ಡಣ್ಣ, ಸ್ಟೀರಿಂಗ್ ಮತ್ತು ಅಕ್ಕಪಕ್ಕದ ಸೀಟು ಇರುತ್ತದೆ. ಟ್ರಕ್ ಅಂದರೆ ಇಲ್ಲಿ ಪಿಕಪ್. ಇವನ್ನು ಸಾಗಿಸುವ ಕೆಲಸದಲ್ಲಿ ಎಡವುವವರು ಹೆಚ್ಚುಕಮ್ಮಿ ಒಂದೇ ಕಡೆ ಎಡವುತ್ತಾರೆ. ಮೊದಲು ಟ್ರಕ್ ಕೊಳ್ಳುತ್ತಾರೆ. ಆಮೇಲೆ ಅದಕ್ಕೊಂದು ಟ್ರೇಲರ್ ಹುಡುಕುತ್ತಾರೆ. ಎಲ್ಲ ಹೇರಿ, ನಾಲ್ಕು ಜನ ಹತ್ತಿ ಕೂತ ಮೇಲೆ ನೋಡಿದರೆ ಟ್ರಕ್ಕಿನ ಹಿಂಭಾಗ ಕುಸಿದಿರುತ್ತದೆ, ಹೆಡ್‌ಲೈಟ್ ಮರದ ತುದಿ ನೋಡುತ್ತಿರುತ್ತದೆ. 'ಇದು ನಾಲ್ಕು ಟನ್ ಎಳೆಯುತ್ತೆ ಅಂತ ಬ್ರೋಷರ್‌ನಲ್ಲಿತ್ತಲ್ಲ' ಅನ್ನುವ ಮಾತು ಆಗ ಬರುತ್ತದೆ.

ಬ್ರೋಷರ್ ಸುಳ್ಳು ಹೇಳಿರುವುದಿಲ್ಲ. ಆದರೆ ಟ್ರಕ್ಕಿನ ಎಳೆಯುವ ಶಕ್ತಿ ಮುಗಿಯುವ ಎಷ್ಟೋ ಮೊದಲೇ ಅದರ ಹೊರುವ ಶಕ್ತಿ ಮುಗಿದುಹೋಗುತ್ತದೆ. ಅದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಅದಕ್ಕೇ ಲೆಕ್ಕವನ್ನು ಹಿಂದಿನಿಂದ ಮಾಡಬೇಕು: ಮೊದಲು ಸಾಗಿಸಬೇಕಾದ ಗಾಡಿ, ಆಮೇಲೆ ಟ್ರೇಲರ್, ಕೊನೆಗೆ ಟ್ರಕ್. ಟ್ರಕ್ ಈಗಾಗಲೇ ಮನೆ ಮುಂದೆ ನಿಂತಿದ್ದರೂ ಕ್ರಮ ಇದೇ. ಆಗ ಉತ್ತರ 'ಯಾವ ಟ್ರಕ್' ಅಂತ ಬರುವ ಬದಲು 'ಎಷ್ಟು ದೊಡ್ಡ ಟ್ರೇಲರ್' ಅಂತ ಬರುತ್ತದೆ, ಅಷ್ಟೇ ವ್ಯತ್ಯಾಸ.

## ಶುರು ಮಾಡುವ ಮೊದಲು ಕೈಯಲ್ಲಿ ಏನಿರಬೇಕು

ಅಳತೆ ಟೇಪ್, ಗಟ್ಟಿಮುಟ್ಟಾದ ಮರದ ಹಲಗೆ, ಮನೆಯಲ್ಲಿ ಮೈತೂಕ ನೋಡುವ ಯಂತ್ರ, ಟೈರ್ ಗಾಳಿ ನೋಡುವ ಗೇಜ್, ನಟ್ ಎಷ್ಟು ಬಿಗಿಯಾಗಿದೆ ಅಂತ ತೋರಿಸುವ ಟಾರ್ಕ್ ರೆಂಚ್, ಒಂದು ಟಾರ್ಚ್. ಜೊತೆಗೆ ನೋಟ್‌ಬುಕ್. ಲಾರಿಗಳನ್ನು ತೂಗುವ ವೇ ಬ್ರಿಡ್ಜ್ ಹತ್ತಿರದಲ್ಲಿ ಎಲ್ಲಿದೆ ಅಂತಲೂ ವಿಚಾರಿಸಿಡಿ. ಕೊನೆಯ ಹಂತ ಅಲ್ಲೇ ನಡೆಯುವುದು.

ಟ್ರಕ್, ಟ್ರೇಲರ್ ಮೇಲಿನ ಸ್ಟಿಕ್ಕರ್‌ಗಳಲ್ಲಿ ಕೆಲವೊಮ್ಮೆ ತೂಕ ಪೌಂಡ್‌ನಲ್ಲಿರುತ್ತದೆ. 2.2 ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಬರೆದುಕೊಳ್ಳಿ. ಎರಡನ್ನೂ ಬೆರೆಸಿ ಕೂಡಿದರೆ ಮುಂದಿನದ್ದೆಲ್ಲ ತಪ್ಪಾಗುತ್ತದೆ.

## ಹಂತ 1: ಗಾಡಿಯ ನಿಜವಾದ ತೂಕ ಮತ್ತು ಅಳತೆ

ಡರ್ಟ್ ಬೈಕ್ ಸುಮಾರು 100ರಿಂದ 120 ಕೆ.ಜಿ. ದೊಡ್ಡವರ ಎಟಿವಿ 250ರಿಂದ 400 ಕೆ.ಜಿ. ಎರಡು ಸೀಟಿನ ಸೈಡ್-ಬೈ-ಸೈಡ್ 500ರಿಂದ 800. ನಾಲ್ಕು ಸೀಟಿನದು ಒಂದು ಟನ್ ಹತ್ತಿರ ಹೋಗಬಹುದು. ಇದು ಅಂದಾಜು ಮಾತ್ರ. ನಿಮ್ಮ ಮಾಡೆಲ್‌ನ ಅಂಕಿ ಕೈಪಿಡಿಯಲ್ಲಿರುತ್ತದೆ.

ಆ ಅಂಕಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಎಷ್ಟೋ ಕಂಪನಿಗಳು ಕೊಡುವುದು 'ಡ್ರೈ ವೇಟ್', ಅಂದರೆ ಪೆಟ್ರೋಲ್, ಆಯಿಲ್, ಕೂಲಂಟ್ ಇಲ್ಲದ ತೂಕ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ. ಆಮೇಲೆ ನೀವು ಹಾಕಿಸಿದ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ), ಗಾಜು, ಮೇಲ್ಛಾವಣಿ, ದೊಡ್ಡ ಟೈರ್, ಸ್ಟೆಪ್ನಿ. ಇವೆಲ್ಲ ಸೇರಿದರೆ ಸೈಡ್-ಬೈ-ಸೈಡ್‌ಗೆ 80-100 ಕೆ.ಜಿ. ಸಲೀಸಾಗಿ ಕೂಡಿಕೊಳ್ಳುತ್ತದೆ.

ಈ ಲೇಖನದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಾಲ್ಕು ಸೀಟಿನ ಸೈಡ್-ಬೈ-ಸೈಡ್, ಕೈಪಿಡಿ ಪ್ರಕಾರ 760 ಕೆ.ಜಿ. ಪೆಟ್ರೋಲ್ 28, ಮಿಕ್ಕ ಆಯಿಲ್ ಮತ್ತು ಬಿಡಿಭಾಗ 62 ಸೇರಿಸಿದರೆ 850. ಅದರ ಜೊತೆ ಒಂದು ಎಟಿವಿ, ಎಲ್ಲ ಸೇರಿ 360. ಎರಡು ಕ್ಯಾನ್ ಪೆಟ್ರೋಲ್, 60 ಲೀಟರ್ ನೀರು, ಟೂಲ್ಸ್, ರ‍್ಯಾಂಪ್, ಬೆಲ್ಟ್, ಸ್ಟೆಪ್ನಿಗಳು ಅಂತ ಇನ್ನೊಂದು 190. ಟ್ರೇಲರ್ ಮೇಲೆ ಕೂರುವ ಒಟ್ಟು ಭಾರ 1,400 ಕೆ.ಜಿ.

ಈಗ ಟೇಪ್ ಹಿಡಿಯಿರಿ. ಉದ್ದ, ಅಗಲ, ಎತ್ತರ ಅಳೆಯಿರಿ. ಅಗಲವನ್ನು ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಬೇಕು, ಬಾಡಿಯಿಂದಲ್ಲ. ಕಾಡುದಾರಿಯ ಕಿರಿದಾದ ಎಟಿವಿ 127 ಸೆಂ.ಮೀ. ಒಳಗಿದ್ದರೆ, ಮರಳುಗಾಡಿನಲ್ಲಿ ಓಡಿಸುವ ಅಗಲದ ಸೈಡ್-ಬೈ-ಸೈಡ್ 183 ಸೆಂ.ಮೀ. ಇರುತ್ತದೆ. ಎತ್ತರ ಅಳೆಯುವಾಗ ಮೇಲಿನ ಲೈಟ್ ಬಾರ್, ಆಂಟೆನಾ ಸೇರಿಸಿ. ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ ಅನ್ನುವುದನ್ನೂ ಬರೆದಿಡಿ. ರ‍್ಯಾಂಪ್ ಹತ್ತುವಾಗ ಅದು ಬೇಕಾಗುತ್ತದೆ.

## ಹಂತ 2: ಟ್ರೇಲರ್ ಬೇಕೇ ಬೇಕಾ?

ಒಂದೆರಡು ಡರ್ಟ್ ಬೈಕ್ ಅಥವಾ ಒಂದು ಎಟಿವಿ ಆದರೆ ಟ್ರಕ್ಕಿನ ಬೆಡ್, ಅಂದರೆ ಹಿಂದಿನ ಸಾಮಾನು ಹೇರುವ ತೆರೆದ ಜಾಗ, ಸಾಕು. ದೊಡ್ಡ ಪಿಕಪ್‌ಗಳಲ್ಲಿ ಒಳಗಿನ ಎರಡು ಚಕ್ರದ ಉಬ್ಬುಗಳ ನಡುವೆ ಸುಮಾರು 125 ಸೆಂ.ಮೀ. ಜಾಗ ಸಿಗುತ್ತದೆ, ಚಿಕ್ಕದರಲ್ಲಿ ಇನ್ನೂ ಕಡಿಮೆ. ಎಟಿವಿಯ ಉದ್ದ ಎರಡು ಮೀಟರ್ ಮೇಲಿರುವುದರಿಂದ ಗಿಡ್ಡ ಬೆಡ್‌ನಲ್ಲಿ ಹಿಂಬಾಗಿಲು ಮುಚ್ಚುವುದಿಲ್ಲ. ಆ ಬಾಗಿಲಿಗೂ ಭಾರದ ಮಿತಿ ಇದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ.

ಬೆಡ್‌ಗೆ ಹತ್ತಿಸುವುದೇ ಅಪಾಯದ ಭಾಗ. ನೆಲದಿಂದ 85 ಸೆಂ.ಮೀ. ಎತ್ತರದ ಬೆಡ್‌ಗೆ 2.1 ಮೀಟರ್ ರ‍್ಯಾಂಪ್ ಇಟ್ಟರೆ 24 ಡಿಗ್ರಿ ಏರು. ಕೇಳುವುದಕ್ಕೆ ಸಣ್ಣದು. ಎಟಿವಿ ಮೇಲೆ ಕೂತು ನೋಡಿದರೆ ಗೋಡೆಯ ಹಾಗೆ ಕಾಣುತ್ತದೆ. ರ‍್ಯಾಂಪ್ ಅನ್ನು ಬೆಲ್ಟ್ ಹಾಕಿ ಟ್ರಕ್ಕಿಗೆ ಕಟ್ಟದಿದ್ದರೆ ಮುಂದಿನ ಚಕ್ರ ಬೆಡ್ ಮೇಲೆ ಬಂದ ಕ್ಷಣದಲ್ಲಿ, ಹಿಂದಿನ ಚಕ್ರ ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ. ಗಾಡಿ ಮೈಮೇಲೆ ಮಗುಚುವುದು ಹೀಗೇ. ಸಾಧ್ಯವಿದ್ದರೆ ಟ್ರಕ್ಕನ್ನು ತಗ್ಗಿನಲ್ಲಿ ನಿಲ್ಲಿಸಿ ಎತ್ತರ ಕಡಿಮೆ ಮಾಡಿಕೊಳ್ಳಿ. ವಿಂಚ್ ಇದ್ದರೆ ಅದರಿಂದ ಎಳೆದುಕೊಳ್ಳಿ.

ಸೈಡ್-ಬೈ-ಸೈಡ್ ಇದ್ದರೆ ಈ ಚರ್ಚೆಯೇ ಬೇಡ. ಟ್ರೇಲರ್ ಬೇಕು.

## ಹಂತ 3: ಟ್ರೇಲರ್ ಯಾವ ಬಗೆಯದು?

ತೆರೆದ ಟ್ರೇಲರ್. ಹಗುರ, ಗಾಳಿಗೆ ಅಡ್ಡ ನಿಲ್ಲುವುದಿಲ್ಲ, ಹೇರುವುದು ಸುಲಭ, ತೊಳೆಯುವುದೂ ಸುಲಭ. ಮಳೆ, ಧೂಳು, ಕಳ್ಳರಿಂದ ರಕ್ಷಣೆ ಇಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಗಾಡಿ ನಿಲ್ಲಿಸಲು ಬೇರೆ ಜಾಗ ಇದ್ದರಂತೂ ಮುಚ್ಚಿದ ಟ್ರೇಲರ್‌ನ ಆಸೆ ಬಿಡಿ.

ಮುಚ್ಚಿದ ಟ್ರೇಲರ್. ಬೀಗ ಹಾಕಬಹುದು, ಟೂಲ್ಸ್ ಒಳಗೇ ಇಡಬಹುದು. ಆದರೆ ಖಾಲಿ ತೂಕ ತೆರೆದದ್ದರ ಎರಡರಷ್ಟರ ಹತ್ತಿರ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂದಿನ ಗೋಡೆ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಹೆದ್ದಾರಿ ವೇಗದಲ್ಲಿ ಟ್ರಕ್ ಒದ್ದಾಡುವುದು ತೂಕಕ್ಕಿಂತ ಜಾಸ್ತಿ ಗಾಳಿಗೆ. ಟ್ರಕ್ಕಿನ ಕೈಪಿಡಿಯಲ್ಲಿ ಟ್ರೇಲರ್‌ನ ಮುಂಭಾಗ ಎಷ್ಟು ಚದರ ಮೀಟರ್ ಮೀರಬಾರದು ಅಂತ ಬರೆದಿದೆಯಾ ನೋಡಿ. ಇದ್ದರೆ ಆ ಮಿತಿಯೂ ತೂಕದ ಮಿತಿಯಷ್ಟೇ ಖಡಾಖಂಡಿತ.

ಒಳಗಿನ ಎತ್ತರ ನೋಡಿ ಸಮಾಧಾನ ಪಡಬೇಡಿ. ಅಳೆಯಬೇಕಾದದ್ದು ಹಿಂಬಾಗಿಲಿನ ಕಿಂಡಿಯನ್ನು. ಅದು ಒಳಗಿನ ಎತ್ತರಕ್ಕಿಂತ ಕಡಿಮೆ ಇರುತ್ತದೆ. ರ‍್ಯಾಂಪ್ ಮೇಲೆ ಗಾಡಿ ಮೂತಿ ಎತ್ತಿಕೊಂಡಿರುವಾಗ ಮೇಲ್ಛಾವಣಿ ತಗುಲುವುದು ಅಲ್ಲೇ. ಒಳಗೆ ಚಕ್ರದ ಉಬ್ಬುಗಳಿದ್ದರೆ ಅವುಗಳ ನಡುವಿನ ಅಗಲವನ್ನೂ ಅಳೆಯಿರಿ. ಇನ್ನೊಂದು ಪ್ರಶ್ನೆ: ಗಾಡಿ ಒಳಗೆ ಹೋದ ಮೇಲೆ ನೀವು ಹೊರಗೆ ಬರುವುದು ಹೇಗೆ? ಸೈಡ್-ಬೈ-ಸೈಡ್‌ನ ಬಾಗಿಲು ತೆರೆಯಲು ಜಾಗವಿಲ್ಲದೆ ಕಿಟಕಿಯಿಂದ ತೂರಿ ಬರುವವರಿದ್ದಾರೆ. ಪೆಟ್ರೋಲ್ ಆವಿ ಹೊರಹೋಗಲು ಗಾಳಿಕಿಂಡಿ ಇರಲೇಬೇಕು.

ಟಾಯ್ ಹಾಲರ್. ಮುಂದೆ ಮಲಗುವ ಮನೆ, ಹಿಂದೆ ಗಾಡಿಗೆ ಗ್ಯಾರೇಜ್. ಇದರಲ್ಲಿ ಒಂದು ಗುಟ್ಟಿದೆ. ಗಾಡಿ ನಿಲ್ಲುವ ಜಾಗ ಆಕ್ಸಲ್‌ನ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ) ಹಿಂದೆ ಇರುವುದರಿಂದ, ಗಾಡಿ ಇಳಿಸಿದ ಮೇಲೆ ಟ್ರಕ್ ಮೇಲಿನ ಭಾರ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ತುಂಬಿದಾಗ, ಖಾಲಿ ಇದ್ದಾಗ ಎರಡೂ ಸಲ ತೂಗಲೇಬೇಕು. ನೀರಿನ ಟ್ಯಾಂಕ್ 400 ಲೀಟರ್ ಇದ್ದರೆ ಅದೇ 400 ಕೆ.ಜಿ.

ಉಕ್ಕೋ, ಅಲ್ಯೂಮಿನಿಯಂ? ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ದುಬಾರಿ. ಟ್ರಕ್ ಚಿಕ್ಕದಿದ್ದರೆ ಆ ಹೆಚ್ಚುವರಿ ದುಡ್ಡಿಗೆ ಅರ್ಥವಿದೆ.

## ಹಂತ 4: ಆಕ್ಸಲ್, ಬ್ರೇಕ್, ಟೈರ್

ಟ್ರೇಲರ್ ಎಷ್ಟು ಹೊರುತ್ತದೆ ಅಂತ ಮಾರುವವರನ್ನು ಕೇಳಿದರೆ ಒಟ್ಟು ಮಿತಿಯನ್ನು ಹೇಳುತ್ತಾರೆ. ಅದರಲ್ಲಿ ಟ್ರೇಲರ್‌ನ ಸ್ವಂತ ತೂಕವೂ ಸೇರಿರುತ್ತದೆ. ಉತ್ತರ ಅಮೆರಿಕದ ಮಾದರಿಯಲ್ಲಿ ಸಾಮಾನ್ಯ ಒಂಟಿ ಆಕ್ಸಲ್ 3,500 ಪೌಂಡ್‌ನದು, ಅಂದರೆ 1,588 ಕೆ.ಜಿ. ಜೋಡಿ ಆಕ್ಸಲ್ ಆದರೆ 3,175 ಕೆ.ಜಿ.

ನಮ್ಮ ಉದಾಹರಣೆಗೆ ಬನ್ನಿ. ಹೇರುವ ಭಾರ 1,400. ತೆರೆದ ಟ್ರೇಲರ್‌ನ ಖಾಲಿ ತೂಕ 800. ಒಟ್ಟು 2,200. ಒಂಟಿ ಆಕ್ಸಲ್ ಇಲ್ಲಿಗೇ ಔಟ್. ಜೋಡಿ ಆಕ್ಸಲ್‌ನಲ್ಲಿ ಧಾರಾಳವಾಗಿ ಜಾಗ ಉಳಿಯುತ್ತದೆ. ಅದೇ ಭಾರವನ್ನು ಖಾಲಿ ತೂಕ 1,500 ಇರುವ ಮುಚ್ಚಿದ ಟ್ರೇಲರ್‌ಗೆ ಹಾಕಿದರೆ 2,900 ಆಗುತ್ತದೆ. 3,175ರ ಮಿತಿಗೆ ಬರೀ 275 ಬಾಕಿ. ಕಾನೂನಿನ ಪ್ರಕಾರ ಸರಿ. ಆದರೆ ಮುಂದಿನ ವರ್ಷ ಇನ್ನೊಂದು ಎಟಿವಿ ಬಂದರೆ ಕಥೆ ಮುಗಿಯಿತು. ಶೇಕಡ 15ರಿಂದ 20ರಷ್ಟು ಜಾಗ ಬಿಟ್ಟು ಕೊಳ್ಳುವುದು ಒಳ್ಳೆಯದು.

ಒಂಟಿ ಆಕ್ಸಲ್‌ನ ಟೈರ್ ಸಿಡಿದರೆ ಟ್ರೇಲರ್ ಆ ಬದಿಗೆ ಕುಸಿಯುತ್ತದೆ. ಜೋಡಿ ಆಕ್ಸಲ್‌ನಲ್ಲಿ ಪಕ್ಕದ ಟೈರ್ ಸ್ವಲ್ಪ ಹೊತ್ತು ಕಾಪಾಡುತ್ತದೆ. ಒಂದು ಎಟಿವಿಗೆ ಒಂಟಿ ಆಕ್ಸಲ್ ಸಾಕು. ಸೈಡ್-ಬೈ-ಸೈಡ್‌ಗೆ ಜೋಡಿಯೇ ಇರಲಿ.

ಬ್ರೇಕ್ ವಿಷಯದಲ್ಲಿ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಯುರೋಪ್‌ನಲ್ಲಿ ಟ್ರೇಲರ್ ಮಿತಿ 750 ಕೆ.ಜಿ. ದಾಟಿದರೆ ಬ್ರೇಕ್ ಕಡ್ಡಾಯ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಗೆರೆ ಇರುವುದು 1,360 ಕೆ.ಜಿ. ಆಸುಪಾಸಿನಲ್ಲಿ. ಕಾನೂನು ಕೇಳಲಿ ಬಿಡಲಿ, ಸೈಡ್-ಬೈ-ಸೈಡ್ ಹೊರುವ ಟ್ರೇಲರ್‌ಗೆ ಬ್ರೇಕ್ ಇರಲಿ. ಜೋಡಿ ಆಕ್ಸಲ್ ಇದ್ದರೆ ಎರಡಕ್ಕೂ ಇರಲಿ.

ಎಲೆಕ್ಟ್ರಿಕ್ ಬ್ರೇಕ್‌ಗೆ ಟ್ರಕ್ಕಿನೊಳಗೆ ಕಂಟ್ರೋಲರ್ ಬೇಕು. ಎಷ್ಟು ಜೋರಾಗಿ ಬ್ರೇಕ್ ಒತ್ತಿದಿರೋ ಅದಕ್ಕೆ ತಕ್ಕಂತೆ ಕೆಲಸ ಮಾಡುವ 'ಪ್ರಪೋರ್ಷನಲ್' ಬಗೆಯದನ್ನೇ ತಗೊಳ್ಳಿ. ಅಗ್ಗದ 'ಟೈಮ್ ಡಿಲೇ' ಬಗೆ ನಿಧಾನಕ್ಕೆ ನಿಲ್ಲಿಸುವಾಗಲೂ ಒಂದೇ ಸಮ ಎಳೆಯುತ್ತದೆ. ಇನ್ನೊಂದು ಬಗೆ ಸರ್ಜ್ ಬ್ರೇಕ್. ಟ್ರೇಲರ್ ಮುಂದಕ್ಕೆ ನೂಕಿದಾಗ ತಾನೇ ಹಿಡಿಯುತ್ತದೆ, ಕಂಟ್ರೋಲರ್ ಬೇಡ. ಆದರೆ ಟ್ರೇಲರ್ ಓಲಾಡಲು ಶುರುವಾದಾಗ ಅದರ ಬ್ರೇಕ್ ಒಂದನ್ನೇ ಒತ್ತಲು ಆಗುವುದಿಲ್ಲ. ನನಗೆ ಆ ಒಂದೇ ಕಾರಣಕ್ಕೆ ಎಲೆಕ್ಟ್ರಿಕ್ ಮೇಲು ಅನ್ನಿಸುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್, ಅದರ ಚಿಕ್ಕ ಬ್ಯಾಟರಿ ಎರಡೂ ಕೆಲಸ ಮಾಡುತ್ತವೆಯೇ ನೋಡಿ. ಆ ಬ್ಯಾಟರಿ ಸತ್ತಿರುವ ಟ್ರೇಲರ್‌ಗಳೇ ಜಾಸ್ತಿ.

ಟೈರ್ ಮೇಲೆ 'ಎಸ್‌ಟಿ' ಅಂತಿದ್ದರೆ ಅದು ಟ್ರೇಲರ್‌ಗೇ ಮಾಡಿದ್ದು. ಇಂಥ ಎಷ್ಟೋ ಟೈರ್‌ಗಳ ವೇಗದ ಮಿತಿ ಗಂಟೆಗೆ 105 ಕಿ.ಮೀ. ಮಾತ್ರ. ಟ್ರಕ್ ಎಷ್ಟು ಓಡಿದರೂ ನಿಮ್ಮ ವೇಗ ನಿರ್ಧರಿಸುವುದು ಈ ಟೈರ್. ಇವು ಸವೆದು ಸಾಯುವುದಕ್ಕಿಂತ ನಿಂತಲ್ಲೇ ಮುದಿಯಾಗಿ ಸಾಯುವುದು ಹೆಚ್ಚು. ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಐದಾರು ವರ್ಷ ಆಗಿದ್ದರೆ ಟೈರಿನ ಗೀರು ಎಷ್ಟೇ ಆಳವಿದ್ದರೂ ಬದಲಿಸಿ.

## ಹಂತ 5: ಮೂಕಿ ಭಾರ

ಟ್ರೇಲರ್‌ನ ಮೂತಿ ಹಿಚ್, ಅಂದರೆ ಟ್ರಕ್ಕಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೆಳಮುಖವಾಗಿ ಒತ್ತುವ ಭಾರ ಇದು. ಕೈಪಿಡಿಗಳಲ್ಲಿ ಟಂಗ್ ವೇಟ್ ಅಂತ ಇರುತ್ತದೆ. ಎತ್ತಿನ ಗಾಡಿ ಹೇರುವವರು ಮುಂಭಾರ, ಹಿಂಭಾರ ನೋಡುತ್ತಾರಲ್ಲ, ಅದೇ ಲೆಕ್ಕ.

ಉತ್ತರ ಅಮೆರಿಕದ ಟ್ರೇಲರ್‌ಗಳಲ್ಲಿ ತುಂಬಿದ ತೂಕದ ಶೇಕಡ 10ರಿಂದ 15 ಮೂಕಿ ಮೇಲೆ ಬೀಳಬೇಕು. ಯುರೋಪ್ ಮಾದರಿಯಲ್ಲಿ ಶೇಕಡ 4ರಿಂದ 7 ರೂಢಿ, ಅಲ್ಲಿನ ಟ್ರೇಲರ್ ವಿನ್ಯಾಸವೂ ವೇಗದ ಮಿತಿಯೂ ಬೇರೆ. ನಿಮ್ಮ ಟ್ರೇಲರ್, ಟ್ರಕ್ ಎರಡರ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ. ಬೆಡ್ ಮೇಲೆ ಕೂರುವ ಫಿಫ್ತ್ ವೀಲ್ ಬಗೆಯಲ್ಲಿ ಇದು ಶೇಕಡ 20-25 ಆಗುತ್ತದೆ.

ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಮೊದಲು ಸಣ್ಣಗೆ, ಆಮೇಲೆ ಟ್ರಕ್ಕನ್ನೇ ಎಳೆದಾಡುವಷ್ಟು. ಜಾಸ್ತಿಯಾದರೆ ಟ್ರಕ್ಕಿನ ಹಿಂದಿನ ಆಕ್ಸಲ್ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ, ಸ್ಟೀರಿಂಗ್ ಹಿಡಿತ ತಪ್ಪುತ್ತದೆ.

ಮನೆಯಲ್ಲೇ ಅಳೆಯುವ ಉಪಾಯ ಇದೆ. ಮೈತೂಕದ ಯಂತ್ರ ಸಾಮಾನ್ಯವಾಗಿ 150 ಕೆ.ಜಿ. ವರೆಗೆ ಮಾತ್ರ ತೋರಿಸುತ್ತದೆ, ಆದ್ದರಿಂದ ಹಲಗೆ ಬಳಸಿ. ಒಂದು ತುದಿಯನ್ನು ಇಟ್ಟಿಗೆ ಮೇಲಿಡಿ, ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲಿಡಿ. ಎರಡೂ ಕಡೆ ಹಲಗೆಯ ಕೆಳಗೆ ಒಂದೊಂದು ತೆಳು ಕಬ್ಬಿಣದ ಸಲಾಕೆ ಅಡ್ಡ ಇಟ್ಟರೆ ಅಳತೆ ಕರಾರುವಾಕ್ಕಾಗಿರುತ್ತದೆ. ಆ ಸಲಾಕೆಗಳ ನಡುವಿನ ದೂರ 90 ಸೆಂ.ಮೀ. ಇರಲಿ. ಟ್ರೇಲರ್ ತುಂಬಿಸಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಈಗ ಅದರ ಜಾಕ್ ಅನ್ನು ಇಟ್ಟಿಗೆ ಕಡೆಯ ಸಲಾಕೆಯಿಂದ 30 ಸೆಂ.ಮೀ. ದೂರದಲ್ಲಿ ಹಲಗೆ ಮೇಲೆ ಇಳಿಸಿ. ಯಂತ್ರ ತೋರಿಸಿದ ತೂಕದಲ್ಲಿ ಹಲಗೆಯದೇ ಪಾಲನ್ನು ಕಳೆದು, ಮೂರರಿಂದ ಗುಣಿಸಿ. ಕಳೆದ ಮೇಲೆ 90 ಉಳಿದರೆ ಮೂಕಿ ಭಾರ 270.

## ಹಂತ 6: ಈಗ ಟ್ರಕ್, ಬಾಗಿಲಿನ ಸ್ಟಿಕ್ಕರ್‌ನಿಂದ ಶುರು

ಚಾಲಕನ ಬಾಗಿಲು ತೆರೆಯಿರಿ. ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಮೀರಬಾರದು ಅಂತ ಅದರಲ್ಲಿ ಬರೆದಿದ್ದರೆ ಅದೇ ಪೇಲೋಡ್. ಬರೆದಿಲ್ಲದಿದ್ದರೆ ಟ್ರಕ್ಕಿನ ಒಟ್ಟು ತೂಕದ ಮಿತಿಯಿಂದ ಅದರ ನಿಜವಾದ ತೂಕವನ್ನು ಕಳೆಯಿರಿ. ಒಂದೇ ಮಾಡೆಲ್‌ನ ಎರಡು ಟ್ರಕ್‌ಗಳಲ್ಲೂ ಈ ಅಂಕಿ ಬೇರೆ ಬೇರೆ ಇರುತ್ತದೆ. ಸನ್‌ರೂಫ್, ಲೆದರ್ ಸೀಟು, ಫೋರ್ ವೀಲ್ ಡ್ರೈವ್ ಅಂತ ಸೇರಿಸುತ್ತ ಹೋದಂತೆ ಪೇಲೋಡ್ ಇಳಿಯುತ್ತದೆ. ಅತಿ ದುಬಾರಿ ಮಾಡೆಲ್ ಅತಿ ಕಡಿಮೆ ಹೊರುವುದೂ ಉಂಟು. ಹಾಗಾಗಿ ಬ್ರೋಷರ್ ಬದಿಗಿಟ್ಟು, ನೀವು ಕೊಳ್ಳಲಿರುವ ಅದೇ ಟ್ರಕ್ಕಿನ ಸ್ಟಿಕ್ಕರ್ ಫೋಟೋ ತಗೊಳ್ಳಿ.

ಉದಾಹರಣೆಗೆ ಪೇಲೋಡ್ 640 ಕೆ.ಜಿ. ಇದೆ ಅಂತಿಟ್ಟುಕೊಳ್ಳಿ. ಬ್ರೋಷರ್ ಪ್ರಕಾರ ಎಳೆಯುವ ಸಾಮರ್ಥ್ಯ 4,000. ನಮ್ಮ ತೆರೆದ ಟ್ರೇಲರ್ 2,200 ಮಾತ್ರ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆರಾಮ ಅನ್ನಿಸುತ್ತದೆ, ಅಲ್ವಾ? ಈಗ ಕೂಡಿ ನೋಡಿ.

ನಾಲ್ಕು ಜನ: 300
ಹಿಚ್ ಸಾಮಾನು: 25
ಬೆಡ್‌ನಲ್ಲಿ ಜನರೇಟರ್, ಟೆಂಟ್, ಐಸ್ ಬಾಕ್ಸ್: 120
ಮೂಕಿ ಭಾರ, ಶೇಕಡ 12.5ರಂತೆ: 275
ಒಟ್ಟು: 720

ಮಿತಿಗಿಂತ 80 ಕೆ.ಜಿ. ಜಾಸ್ತಿ. ಎಳೆಯುವ ಶಕ್ತಿ ಇನ್ನೂ 1,800 ಕೆ.ಜಿ. ಬಾಕಿ ಇದ್ದಾಗಲೇ ಹೊರುವ ಶಕ್ತಿ ಖಲಾಸ್. ಬೆಡ್‌ನ 120 ಕೆ.ಜಿ.ಯನ್ನು ಟ್ರೇಲರ್‌ಗೆ ಸಾಗಿಸಿದರೆ ಟ್ರೇಲರ್ 2,320 ಆಗುತ್ತದೆ, ಮೂಕಿ ಭಾರ 290. ಈಗ ಒಟ್ಟು 615. ಪಾಸು, ಆದರೆ 25 ಕೆ.ಜಿ. ಅಂತರದಲ್ಲಿ. ಇದೇ ಟ್ರಕ್ಕಿಗೆ ಮುಚ್ಚಿದ ಟ್ರೇಲರ್ ಕಟ್ಟಿದರೆ ಮೂಕಿ ಭಾರವೇ 360ರ ಮೇಲೆ. ನಾಲ್ಕು ಜನರಲ್ಲಿ ಒಬ್ಬರು ಬಸ್ಸಿನಲ್ಲಿ ಬರಬೇಕಾಗುತ್ತದೆ.

ಪೇಲೋಡ್ ಆದ ಮೇಲೆ ಇನ್ನೆರಡು ಮಿತಿ ನೋಡಿ. ಹಿಂದಿನ ಆಕ್ಸಲ್‌ನ ಮಿತಿ ಅದೇ ಬಾಗಿಲ ಕಂಬದಲ್ಲಿರುತ್ತದೆ. ಟ್ರಕ್, ಟ್ರೇಲರ್ ಎರಡೂ ಸೇರಿದ ಒಟ್ಟು ತೂಕದ ಮಿತಿ ಕೈಪಿಡಿಯಲ್ಲಿರುತ್ತದೆ. ಮೂರರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ಮಿತಿ.

ಎಳೆಯುವ ಸಾಮರ್ಥ್ಯದ ಅಂಕಿಯನ್ನು ಹೋಲಿಸುವುದೇ ಆದರೆ, ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇ ಮಾಡಿದ ಜೆ2807 ಅನ್ನುವ ಮಾನದಂಡದ ಪ್ರಕಾರ ಕೊಟ್ಟದ್ದೇ ಅಂತ ಖಚಿತಪಡಿಸಿಕೊಳ್ಳಿ. ಅದರಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರಿನ ಲೆಕ್ಕಕ್ಕೆ, ಉರಿಬಿಸಿಲಿನಲ್ಲಿ ಎಸಿ ಹಾಕಿಕೊಂಡು ಹತ್ತಬೇಕು. ಗಟ್ಟಿ ಪರೀಕ್ಷೆಯೇ. ಆದರೆ ಪಿಕಪ್‌ಗಳಲ್ಲಿ ಚಾಲಕ ಮತ್ತು ಪಕ್ಕದಲ್ಲಿ ಒಬ್ಬರು ಅನ್ನುವ ಲೆಕ್ಕ. ನಿಮ್ಮ ಇನ್ನಿಬ್ಬರು, ನಾಯಿ, ಐಸ್ ಬಾಕ್ಸ್ ಅದರಲ್ಲಿಲ್ಲ.

ತಪ್ಪು ತಿಳಿವಳಿಕೆ ಒಂದಿದೆ: ಹಿಂದೆ ಏರ್ ಬ್ಯಾಗ್ ಹಾಕಿಸಿದರೆ ಪೇಲೋಡ್ ಜಾಸ್ತಿಯಾಗುತ್ತದೆ ಅಂತ. ಇಲ್ಲ. ಕುಸಿತ ಕಾಣಿಸುವುದಿಲ್ಲ, ಅಷ್ಟೇ. ಆಕ್ಸಲ್, ಚಕ್ರ, ಬ್ರೇಕ್, ಚಾಸಿ ಎಲ್ಲ ಹಳೆಯವೇ.

## ಹಂತ 7: ಎಂಜಿನ್, ಗೇರ್, ಉದ್ದ

ಪೇಲೋಡ್ ಪರೀಕ್ಷೆ ಪಾಸಾದ ಟ್ರಕ್‌ಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಸಾಕಾಗುವಷ್ಟೇ ಇರುತ್ತದೆ. ಮೂರು ವಿಷಯ ಮಾತ್ರ ನೋಡಿ.

ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2,400 ಮೀಟರ್ ಎತ್ತರದ ಬೆಟ್ಟದಲ್ಲಿ ಕಾಲು ಭಾಗ ಹೋಯಿತು ಅಂತಲೇ ಲೆಕ್ಕ. ಬೆಟ್ಟಕ್ಕೆ ಹೋಗುವವರು ಟರ್ಬೊ ನೋಡಿ.

ಆಕ್ಸಲ್ ಅನುಪಾತ ಅಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಅಂಕಿ. ಅದು 3.73 ಇರುವ ಟ್ರಕ್ 3.31 ಇರುವುದಕ್ಕಿಂತ ಸುಲಭವಾಗಿ ಎಳೆಯುತ್ತದೆ. ಟ್ರಕ್ಕಿಗೆ ದೊಡ್ಡ ಟೈರ್ ಹಾಕಿಸಿದರೆ ಈ ಲಾಭ ಕರಗಿಹೋಗುತ್ತದೆ. ಎತ್ತರಿಸಿದರೆ ಹಿಚ್ ಕೂಡ ಮೇಲೆ ಹೋಗುತ್ತದೆ. ಗಿಯರ್‌ಬಾಕ್ಸ್ ಆಯಿಲ್ ಕೂಲರ್ ಮತ್ತು ಟ್ರೇಲರ್ ಎಳೆಯುವಾಗ ಗೇರ್ ಹೊಂದಿಸುವ ಟೋ ಮೋಡ್ ಕಂಪನಿಯಿಂದಲೇ ಬಂದಿರಲಿ.

ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಉದ್ದವಿದ್ದಷ್ಟೂ ಟ್ರೇಲರ್ ಟ್ರಕ್ಕನ್ನು ಅಲ್ಲಾಡಿಸುವುದು ಕಡಿಮೆ. ಗಿಡ್ಡ ಎಸ್‌ಯುವಿಗೆ ಉದ್ದದ ಮುಚ್ಚಿದ ಟ್ರೇಲರ್ ಕಟ್ಟುವುದು ಕಾಗದದ ಮೇಲೆ ಸರಿ ಕಂಡರೂ ಅಡ್ಡಗಾಳಿಯಲ್ಲಿ ಸಾಕುಸಾಕು ಮಾಡುತ್ತದೆ. ಎಲೆಕ್ಟ್ರಿಕ್ ಟ್ರಕ್ ಆದರೆ ದೊಡ್ಡ ಟ್ರೇಲರ್ ಕಟ್ಟಿದಾಗ ಓಡುವ ದೂರ ಅರ್ಧಕ್ಕೆ ಇಳಿಯುತ್ತದೆ ಅಂತ ಎಣಿಸಿ ದಾರಿ ಯೋಜಿಸಿ.

ಲೈಸೆನ್ಸ್ ಕೂಡ ಈಗಲೇ ನೋಡಿಕೊಳ್ಳಿ. ಅನೇಕ ದೇಶಗಳಲ್ಲಿ ಟ್ರೇಲರ್ ತೂಕ ಒಂದು ಗೆರೆ ದಾಟಿದರೆ ಬೇರೆ ಲೈಸೆನ್ಸ್ ಬೇಕು.

## ಹಂತ 8: ಹಿಚ್, ಬಾಲ್, ಸರಪಳಿ, ವೈರ್

ಟ್ರಕ್ಕಿನ ಹಿಂದಿನ ಚೌಕ ಕೊಳವೆ ರಿಸೀವರ್, ಅದರೊಳಗೆ ಕೂರುವ ಬಾಲ್ ಮೌಂಟ್, ಅದರ ಮೇಲಿನ ಉಕ್ಕಿನ ಗುಂಡು ಬಾಲ್, ಆ ಗುಂಡನ್ನು ಹಿಡಿಯುವ ಟ್ರೇಲರ್ ಮೂತಿಯ ಕಪ್ಲರ್, ಸರಪಳಿ. ಪ್ರತಿಯೊಂದರ ಮೇಲೂ ಅದರ ಮಿತಿ ಕೊರೆದಿರುತ್ತದೆ ಅಥವಾ ಜೊತೆಯ ಕಾಗದದಲ್ಲಿರುತ್ತದೆ. ಇವುಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ಇಡೀ ಜೋಡಣೆಯ ಮಿತಿ.

ಬಾಲ್ ಅಳತೆಯಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ಅಪಾಯದ್ದು. 2 ಇಂಚಿನ ಬಾಲ್ ಮೇಲೆ 2 5/16 ಇಂಚಿನ ಕಪ್ಲರ್ ಕೂರುತ್ತದೆ, ಲಾಕ್ ಕೂಡ ಬೀಳುತ್ತದೆ. ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಮೊದಲ ದೊಡ್ಡ ಗುಂಡಿಯಲ್ಲಿ ಹಾರಿಬೀಳುತ್ತದೆ. ಎರಡರ ಮೇಲಿನ ಅಂಕಿಯನ್ನೂ ಓದಿ. ಕಪ್ಲರ್ ಲಾಕ್ ಮಾಡಿ ಪಿನ್ ಹಾಕಿದ ಮೇಲೆ ಟ್ರೇಲರ್‌ನ ಜಾಕ್ ತಿರುಗಿಸಿ. ಕಪ್ಲರ್ ಜೊತೆ ಟ್ರಕ್ಕಿನ ಹಿಂಭಾಗವೂ ಮೇಲೆದ್ದರೆ ಹಿಡಿದಿದೆ ಅಂತ.

ಟ್ರೇಲರ್ ಸಮತಟ್ಟಾಗಿ ಅಥವಾ ಮೂತಿ ಒಂದಿಷ್ಟು ತಗ್ಗಿ ನಿಲ್ಲಬೇಕು. ಮೂತಿ ಎತ್ತಿದ್ದರೆ ಎತ್ತರ ಇಳಿಸುವ ಡ್ರಾಪ್ ಮೌಂಟ್ ಹಾಕಿ. ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿ ಆಕಾರದಲ್ಲಿ ಹಾಕಿ. ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಅವುಗಳ ಮೇಲೆ ಕೂರುತ್ತದೆ. ಬ್ರೇಕ್‌ಅವೇ ತಂತಿಯನ್ನು ಸರಪಳಿಗೆ ಸಿಕ್ಕಿಸಬೇಡಿ, ಟ್ರಕ್ಕಿನ ಚಾಸಿಗೆ ಬೇರೆಯಾಗಿ ಸಿಕ್ಕಿಸಿ.

ಮುಂದಿನ ಚಕ್ರ ಹಗುರ ಅನ್ನಿಸಿದರೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬಳಸಬಹುದು. ಅದು ಭಾರದ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಟ್ರೇಲರ್‌ಗೂ ಹಂಚುತ್ತದೆ. ಮಿತಿ ಮೀರಿದ ಟ್ರಕ್ಕನ್ನು ಅದೂ ಸರಿಮಾಡುವುದಿಲ್ಲ.

## ಹಂತ 9: ಹಳೆಯ ಟ್ರೇಲರ್ ಕೊಳ್ಳುವುದಾದರೆ

ಹೊಸ ಬಣ್ಣ ಬಳಿದ ಹಳೆಯ ಟ್ರೇಲರ್ ಕಂಡರೆ ಅನುಮಾನ ಪಡಿ. ಟಾರ್ಚ್ ಹಿಡಿದು ಅಡಿಗೆ ನುಗ್ಗಿ. ಮೂಕಿ ಚಾಸಿಗೆ ಸೇರುವ ಕಡೆ, ಸ್ಪ್ರಿಂಗ್ ನೇತಾಡುವ ಕಡೆ ವೆಲ್ಡಿಂಗ್ ಬಿರುಕು ನೋಡಿ. ಕೂದಲೆಳೆಯಂಥ ತುಕ್ಕಿನ ಗೆರೆ ಬಣ್ಣ ಸೀಳಿಕೊಂಡು ಬಂದಿದ್ದರೆ ಅಡಿಯಲ್ಲಿ ಬಿರುಕಿದೆ. ಟ್ರೇಲರ್ ನೆಲದ ಹಲಗೆಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ, ಮೆತ್ತಗಿದ್ದರೆ ಕೊಳೆತಿದೆ.

ಒಂದೊಂದೇ ಚಕ್ರವನ್ನು ಜಾಕ್ ಹಾಕಿ ಎತ್ತಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಬೇರಿಂಗ್ ಸಡಿಲ. ತಿರುಗಿಸಿದಾಗ ಗರಗರ ಅಂದರೆ ಬೇರಿಂಗ್ ಹೋಗಿದೆ. ಒಂದೇ ಬದಿ ಸವೆದ ಟೈರ್ ಕಂಡರೆ ಆಕ್ಸಲ್ ಬಾಗಿರಬಹುದು. ಬೇರಿಂಗ್ ಹಾಳಾಗಿದ್ದರೆ ಚೌಕಾಸಿ ಮಾಡಿ. ಚಾಸಿ ಬಿರುಕು ಬಿಟ್ಟಿದ್ದರೆ ಸುಮ್ನೆ ವಾಪಸ್ ಬನ್ನಿ. ತೂಕದ ಮಿತಿ ಬರೆದ ತಗಡಿನ ಪಟ್ಟಿ ಇಲ್ಲದ ಟ್ರೇಲರ್ ಬೇಡವೇ ಬೇಡ.

## ಹಂತ 10: ಹೇರುವುದು ಮತ್ತು ಕಟ್ಟುವುದು

ಹತ್ತಿಸುವಾಗ ಟ್ರೇಲರ್ ಟ್ರಕ್ಕಿಗೆ ಸಿಕ್ಕಿಸಿಯೇ ಇರಬೇಕು. ಬಿಡಿ ಟ್ರೇಲರ್‌ಗೆ ಗಾಡಿ ಹತ್ತಿಸಿದರೆ ಹಿಂಭಾಗಕ್ಕೆ ಭಾರ ಬಿದ್ದು ಮೂತಿ ಗಾಳಿಗೇಳುತ್ತದೆ.

ಭಾರದ ಸುಮಾರು ಶೇಕಡ 60 ಆಕ್ಸಲ್‌ನ ಮುಂದಿರಲಿ. ಸೈಡ್-ಬೈ-ಸೈಡ್‌ಗಳಲ್ಲಿ ಎಂಜಿನ್ ಹಿಂದಿರುವುದು ಸಾಮಾನ್ಯ, ಹಾಗಾಗಿ ಅದನ್ನು ಮುಖ ಮಾಡಿ ಹತ್ತಿಸುವುದಕ್ಕೂ ಹಿಮ್ಮುಖವಾಗಿ ಹತ್ತಿಸುವುದಕ್ಕೂ ಮೂಕಿ ಭಾರ ಬದಲಾಗುತ್ತದೆ. ಗಾಡಿಯನ್ನು 30 ಸೆಂ.ಮೀ. ಸರಿಸಿ ಮತ್ತೆ ಹಲಗೆ ಲೆಕ್ಕ ಮಾಡಿ ನೋಡಿ, ಅಂಕಿ ಎಷ್ಟು ಜಿಗಿಯುತ್ತದೆ ಅಂತ ಗೊತ್ತಾಗುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೆ ಮುಂದಿನ ಚಕ್ರ ನಿಂತ ಕಡೆ ಟ್ರೇಲರ್‌ನ ನೆಲದ ಮೇಲೆ ಬಣ್ಣದ ಗೆರೆ ಎಳೆಯಿರಿ. ಪ್ರತಿ ಸಲ ಅಳೆಯುವ ಕಷ್ಟ ತಪ್ಪುತ್ತದೆ.

ಬೆಲ್ಟ್ ಕೊಳ್ಳುವಾಗ ದೊಡ್ಡದಾಗಿ ಬರೆದ ಅಂಕಿ ನೋಡಬೇಡಿ. ಅದು ಹರಿದುಹೋಗುವ ಭಾರ. ನಂಬಬೇಕಾದ ಕೆಲಸದ ಮಿತಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ. ಒಂದು ಗಾಡಿಗೆ ನಾಲ್ಕು ರ‍್ಯಾಚೆಟ್ ಬೆಲ್ಟ್, ನಾಲ್ಕೂ ಮೂಲೆಗೆ, ನೆಲದ ಡಿ-ರಿಂಗ್‌ಗಳಿಗೆ. ಬೆಲ್ಟ್ ಚೂಪು ಅಂಚಿಗೆ, ಬ್ರೇಕ್ ಪೈಪಿಗೆ ತಾಗಬಾರದು. ಚಕ್ರಗಳ ಮೇಲೆ ಹೊದಿಸಿ ಕಟ್ಟುವ ಬೆಲ್ಟ್ ಆದರೆ ಸಸ್ಪೆನ್ಷನ್ ಕುಣಿದರೂ ಸಡಿಲವಾಗುವುದಿಲ್ಲ. ನನಗೆ ಅದೇ ಇಷ್ಟ. ಡರ್ಟ್ ಬೈಕ್ ಆದರೆ ಹ್ಯಾಂಡಲ್‌ನಿಂದ ಕಟ್ಟಿ, ಮುಂದಿನ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಫೋರ್ಕ್ ಬ್ಲಾಕ್ ಇಡಿ. ಇಲ್ಲದಿದ್ದರೆ ಫೋರ್ಕ್ ಸೀಲ್‌ಗೆ ಪೆಟ್ಟು.

ಪಾರ್ಕಿಂಗ್ ಬ್ರೇಕ್ ಅಥವಾ ಗೇರ್ ಮಾತ್ರ ನಂಬಿ ಹೊರಡಬೇಡಿ. ಸೀಟು, ಮೇಲ್ಛಾವಣಿ, ಬಾವುಟದ ಕೋಲು ಬಿಗಿಯಾಗಿವೆಯಾ ನೋಡಿ. ಹಾರಿ ಹಿಂದಿನವರ ಗಾಜಿಗೆ ಬಡಿಯುವುದು ಇಂಥವೇ.

## ಹಂತ 11: ವೇ ಬ್ರಿಡ್ಜ್ ಮತ್ತು ಮೊದಲ ಓಟ

ಎಲ್ಲ ಹೇರಿ, ಎಲ್ಲರೂ ಕೂತು, ಟ್ಯಾಂಕ್ ತುಂಬಿಸಿ ಹೋಗಿ. ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಬೇರೆ ಬೇರೆ ತೂಗಿಸಿ. ಆಮೇಲೆ ಟ್ರೇಲರ್ ಬಿಟ್ಟು ಟ್ರಕ್ ಒಂದನ್ನೇ ತೂಗಿಸಿ. ಟ್ರೇಲರ್ ಸಿಕ್ಕಿಸಿದಾಗಿನ ಟ್ರಕ್ ತೂಕದಿಂದ ಒಂಟಿ ಟ್ರಕ್ ತೂಕ ಕಳೆದರೆ ಮೂಕಿ ಭಾರ. ಆ ಮೂಕಿ ಭಾರಕ್ಕೆ ಟ್ರೇಲರ್ ಆಕ್ಸಲ್ ತೂಕ ಕೂಡಿದರೆ ಟ್ರೇಲರ್‌ನ ಪೂರ್ತಿ ತೂಕ. ಇಲ್ಲಿಯವರೆಗಿನ ಅಂದಾಜನ್ನೆಲ್ಲ ಈ ಅಂಕಿಗಳು ಬದಲಿಸಲಿ.

ಕಂಟ್ರೋಲರ್ ಹೊಂದಿಸಲು ಖಾಲಿ, ಸಮತಟ್ಟಾದ ಜಾಗದಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಕೈ ಸ್ವಿಚ್ ಒತ್ತಿ. ಬ್ರೇಕಿನ ಬಲವನ್ನು ಟ್ರೇಲರ್ ಚಕ್ರ ಲಾಕ್ ಆಗುವುದಕ್ಕಿಂತ ಒಂದಿಷ್ಟು ಕೆಳಗೆ ಇಡಿ. ಖಾಲಿ ಟ್ರೇಲರ್‌ಗೆ, ತುಂಬಿದ್ದಕ್ಕೆ ಬೇರೆ ಬೇರೆ ಹೊಂದಿಕೆ ಬೇಕು.

ಹೊರಟ 15-20 ಕಿ.ಮೀ.ಗೆ ನಿಲ್ಲಿಸಿ ಬೆಲ್ಟ್ ಬಿಗಿ ಮಾಡಿ. ಹೊಸ ಟ್ರೇಲರ್ ಅಥವಾ ಈಗಷ್ಟೇ ಚಕ್ರ ಬಿಚ್ಚಿ ಹಾಕಿದ್ದರೆ ನಟ್‌ಗಳನ್ನು 16, 40, 80 ಕಿ.ಮೀ.ಗೆ ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ. ಪ್ರತಿ ನಿಲುಗಡೆಯಲ್ಲೂ ಟ್ರೇಲರ್ ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದೇ ಒಂದು ಸುಡುತ್ತಿದ್ದರೆ ಬೇರಿಂಗ್ ಅಥವಾ ಸಿಕ್ಕಿಕೊಂಡ ಬ್ರೇಕ್. ಅಲ್ಲಿಂದ ಮುಂದೆ ಹೋಗಬೇಡಿ.

ರಸ್ತೆಯಲ್ಲಿ ಎಚ್ಚರಿಕೆಯ ಚಿಹ್ನೆಗಳು ಇವು. ಲಾರಿ ದಾಟಿದಾಗ ಟ್ರೇಲರ್ ಒಂದು ಸಲ ಅಲ್ಲಾಡಿ ನಿಲ್ಲುವುದು ಸಹಜ. ಎರಡು ಮೂರು ಸಲ ಓಲಾಡಿದರೆ ಭಾರ ಹಿಂದಿದೆ ಅಥವಾ ವೇಗ ಜಾಸ್ತಿ. ಸ್ಟೀರಿಂಗ್ ತೇಲಿದ ಹಾಗಿದ್ದರೆ ಮೂಕಿ ಭಾರ ಜಾಸ್ತಿ. ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುತ್ತ ಹೋದರೆ, ಸುಟ್ಟ ವಾಸನೆ ಬಂದರೆ ಕೆಳಗಿನ ಗೇರ್ ಹಾಕಿ, ಜಾಗ ಸಿಕ್ಕ ಕಡೆ ನಿಲ್ಲಿಸಿ ಆರಲು ಬಿಡಿ.

ಟ್ರೇಲರ್ ಜೋರಾಗಿ ತೂರಾಡಲು ಶುರುವಾದರೆ ಟ್ರಕ್ಕಿನ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಅತ್ತಿತ್ತ ಎಳೆಯಬೇಡಿ, ವೇಗ ಹೆಚ್ಚಿಸಿ ಸರಿಮಾಡಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಕಂಟ್ರೋಲರ್‌ನ ಕೈ ಸ್ವಿಚ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಒತ್ತಿ. ಆ ಸ್ವಿಚ್ ಎಲ್ಲಿದೆ ಅಂತ ಕಣ್ಣು ಹಾಯಿಸದೆ ಕೈಗೆ ಸಿಗುವ ಹಾಗೆ ಮನೆ ಮುಂದೆ ನಿಂತಾಗಲೇ ಅಭ್ಯಾಸ ಮಾಡಿಕೊಳ್ಳಿ.